ಹಗುರ ಡ್ರೋನ್‌ಗೂ ಒಡೆಯನ ಗುರುತಿರಲಿ

ಮದುವೆಯಿರಲಿ, ಜಾತ್ರೆಯಿರಲಿ, ಚುನಾವಣೆಯ ಮೆರವಣಿಗೆಯಿರಲಿ, ತಲೆಯ ಮೇಲೆ ಗುಂಯ್‌ಗುಡುವ ಪುಟ್ಟ ಡ್ರೋನ್ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಗೆ ಈಗ ಹೊಸದಲ್ಲ. ಹುಲ್ಲಹಳ್ಳಿಯಂಥ ಹೋಬಳಿ ಕೇಂದ್ರದಲ್ಲೂ ಮದುವೆಯ ಫೋಟೊ ಗೊತ್ತುಮಾಡುವಾಗ ‘ಡ್ರೋನ್ ಶಾಟ್ ಇದೆಯಾ’ ಎಂದು ಕೇಳುವ ಕಾಲ ಬಂದಿದೆ. ಕಪಿಲೆಗೆ ಕಟ್ಟಿದ ಹಳೆಯ ಅಣೆ, ಅಲ್ಲಿಂದ ಹೊರಟ ನಾಲೆ, ಅದರ ಕೆಳಗಿನ ಭತ್ತದ ಬಯಲು ಮೇಲಿನಿಂದ ಎಷ್ಟು ಚೆಂದ ಎಂಬುದು ಊರಿನವರಿಗೇ ಗೊತ್ತಾದದ್ದು ಈ ಯಂತ್ರ ಬಂದ ಮೇಲೆ. ಹೀಗೆ ಹಾರುವವುಗಳಲ್ಲಿ ಅತ್ಯಂತ ಜನಪ್ರಿಯವಾದ ಮಾದರಿಗಳ ತೂಕ 249 ಗ್ರಾಂ. ಇದು ಆಕಸ್ಮಿಕವಲ್ಲ. ಜಗತ್ತಿನ ಹಲವು ದೇಶಗಳ ಕಾನೂನು 250 ಗ್ರಾಂನಲ್ಲಿ ಗೆರೆ ಎಳೆದಿದೆ. ಕಂಪನಿಗಳು ಆ ಗೆರೆಗೆ ಒಂದು ಗ್ರಾಂ ಕೆಳಗೆ ತಮ್ಮ ಯಂತ್ರವನ್ನು ತಂದು ನಿಲ್ಲಿಸಿವೆ. ಹಗುರ ಡ್ರೋನ್‌ಗಳ ವಿಷಯದಲ್ಲಿ ನಮ್ಮ ಕಾನೂನು ತಪ್ಪು ಅಳತೆಗೋಲನ್ನು ಹಿಡಿದಿದೆ ಎಂಬುದು ನನ್ನ ವಾದ. ಕೇಳಬೇಕಾದದ್ದು ‘ಎಷ್ಟು ತೂಕ’ ಎಂದಲ್ಲ, ‘ಇದು ಯಾರದು, ಎಲ್ಲಿ ಹಾರುತ್ತಿದೆ, ಏನನ್ನು ನೋಡುತ್ತಿದೆ’ ಎಂದು. ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಕ್ಯಾಮೆರಾ ಇರುವ ಪ್ರತಿ ಡ್ರೋನ್‌ನ ಒಡೆಯನಿಗೂ ಒಂದು ಸಂಖ್ಯೆ ಇರಬೇಕು, ಆ ಸಂಖ್ಯೆಯನ್ನು ಹೋಬಳಿಯಲ್ಲೇ, ಕನ್ನಡದಲ್ಲೇ, ಅರ್ಧ ಗಂಟೆಯಲ್ಲೇ ಪಡೆಯುವಂತಿರಬೇಕು.

ಮೊದಲು ಈಗಿನ ನಿಯಮವನ್ನು ನೋಡೋಣ. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಒಂದು ಪ್ರಕಟಣೆ ಹೊರಡಿಸಿ ನಿಯಮ ರೂಪುಗೊಳ್ಳುವ ತನಕ ಖಾಸಗಿಯವರು ಡ್ರೋನ್ ಹಾರಿಸಬಾರದು ಎಂದಿತು. 2018ರ ಡಿಸೆಂಬರ್‌ನಲ್ಲಿ ಮೊದಲ ನಿಯಮಾವಳಿ ಜಾರಿಗೆ ಬಂತು, 2021ರ ಮಾರ್ಚ್‌ನಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಎಲ್ಲವನ್ನೂ ಸಡಿಲಿಸಿ ಈಗಿರುವ ‘ಡ್ರೋನ್ ನಿಯಮಗಳು, 2021’ ಬಂದವು. ಇವುಗಳ ಪ್ರಕಾರ 250 ಗ್ರಾಂ ತನಕ ನ್ಯಾನೊ, ಅಲ್ಲಿಂದ 2 ಕೆ.ಜಿ. ತನಕ ಮೈಕ್ರೊ, 25 ಕೆ.ಜಿ. ತನಕ ಸ್ಮಾಲ್. ಸರ್ಕಾರದ ಆನ್‌ಲೈನ್ ವೇದಿಕೆಯಲ್ಲಿ ನೂರು ರೂಪಾಯಿ ಕಟ್ಟಿ ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕೆಂಬುದು ಸಾಮಾನ್ಯ ನಿಯಮ. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಯಂತ್ರದ ಮಾದರಿಗೆ ಕೊಡುವ ಟೈಪ್ ಪ್ರಮಾಣಪತ್ರ ಬೇಡ, ವಿಮೆಯೂ ಕಡ್ಡಾಯವಲ್ಲ. ಮೈಕ್ರೊ ಡ್ರೋನನ್ನು ಹವ್ಯಾಸಕ್ಕೆ ಹಾರಿಸುವವರಿಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ದುಡಿಮೆಗೆ ಬಳಸಿದರೆ ಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿ ತನಕ ದಂಡ. ಕಾಗದದ ಮೇಲೆ ಇದು ಉದಾರವಾದ ಕಾನೂನು, ಅದರ ಉದ್ದೇಶವೂ ಒಳ್ಳೆಯದೇ. ಆದರೆ ವಿನಾಯಿತಿಗಳು ಒಂದರ ಮೇಲೊಂದು ಬಂದದ್ದರಿಂದ ‘250 ಗ್ರಾಂ ಒಳಗಿದ್ದರೆ ಯಾವ ನಿಯಮವೂ ಇಲ್ಲ’ ಎಂಬ ನಂಬಿಕೆ ಮಾರುಕಟ್ಟೆಯಲ್ಲಿ ಬೇರೂರಿದೆ. ಮಾರುವವರು ಹಾಗೆಂದೇ ಮಾರುತ್ತಾರೆ, ಕೊಳ್ಳುವವರು ಹಾಗೆಂದೇ ಕೊಳ್ಳುತ್ತಾರೆ.

ಈ 250 ಎಂಬ ಅಂಕಿ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ನೇಮಿಸಿದ ಕಾರ್ಯಪಡೆಯೊಂದು ಒಂದು ಸರಳ ಲೆಕ್ಕ ಹಾಕಿತು. ಕೆಟ್ಟು ಕೆಳಗೆ ಬೀಳುವ ಡ್ರೋನ್ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಮನುಷ್ಯನ ತಲೆಗೆ ಬಡಿದರೆ, ಆ ಹೊಡೆತದ ಶಕ್ತಿ 80 ಜೂಲ್ ಮೀರದಿರಲು ತೂಕ ಎಷ್ಟಿರಬೇಕು? ಉತ್ತರ ಸುಮಾರು 250 ಗ್ರಾಂ. ಅಂದರೆ ಈ ಅಂಕಿ ಅಳೆಯುವುದು ತಲೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂಬ ಒಂದೇ ಅಪಾಯವನ್ನು. ವಿಮಾನದ ದಾರಿಗೆ ಅಡ್ಡ ಬರುವುದನ್ನು, ಸ್ನಾನಘಟ್ಟದ ಮೇಲೆ ಕ್ಯಾಮೆರಾ ನಿಲ್ಲಿಸುವುದನ್ನು, ತೇರೆಳೆಯುವ ಜನರನ್ನು ಬೆಚ್ಚಿಬೀಳಿಸುವುದನ್ನು ಅದು ಅಳೆಯುವುದಿಲ್ಲ. ಅಷ್ಟೇ ಅಲ್ಲ, ತೂಕದ ಗೆರೆ ಕೆಲವೊಮ್ಮೆ ಸುರಕ್ಷತೆಯನ್ನೇ ದೂರ ತಳ್ಳುತ್ತದೆ. ರೆಕ್ಕೆಗಳು ಯಾರ ಮುಖಕ್ಕೂ ತಾಗದಂತೆ ಸುತ್ತ ಕಾಪುಗಳನ್ನು ಕಟ್ಟಿದರೆ 249 ಗ್ರಾಂನ ಡ್ರೋನ್ 250 ದಾಟಿ ಬೇರೆ ವರ್ಗಕ್ಕೆ ಜಿಗಿಯುತ್ತದೆ. ಕಾಪು ಕಟ್ಟಿದ ಎಚ್ಚರದವನಿಗೆ ಹೆಚ್ಚು ನಿಯಮ, ಕಟ್ಟದವನಿಗೆ ಕಡಿಮೆ. 2021ರ ಮಾರ್ಚ್‌ನ ನಿಯಮಾವಳಿ ಈ ಕೊರತೆಯನ್ನು ಗುರುತಿಸಿತ್ತು: ನ್ಯಾನೊ ಡ್ರೋನ್ 15 ಮೀಟರ್‌ಗಿಂತ ಎತ್ತರಕ್ಕೆ ಏರಬಲ್ಲದಾದರೆ, 100 ಮೀಟರ್‌ಗಿಂತ ದೂರ ಹೋಗಬಲ್ಲದಾದರೆ ಅಥವಾ ಸೆಕೆಂಡಿಗೆ 15 ಮೀಟರ್‌ಗಿಂತ ವೇಗವಾಗಿ ಹಾರಬಲ್ಲದಾದರೆ ಅದನ್ನು ಮೈಕ್ರೊ ಎಂದೇ ಎಣಿಸಬೇಕೆಂದು ಹೇಳಿತ್ತು. ಆಗಸ್ಟ್‌ನ ಸಡಿಲಿಕೆಯಲ್ಲಿ ಆ ಮಾತು ಬಿಟ್ಟುಹೋಯಿತು. ಇಂದಿನ 249 ಗ್ರಾಂನ ಕ್ಯಾಮೆರಾ ಡ್ರೋನ್ ಕಿಲೋಮೀಟರ್‌ಗಟ್ಟಲೆ ದೂರ ಹೋಗಿ ಬರುತ್ತದೆ. ಮಕ್ಕಳ ಆಟಿಕೆಗೂ ಇದಕ್ಕೂ ಒಂದೇ ತಕ್ಕಡಿ ಹಿಡಿದಿರುವುದು ಸರಿಯಲ್ಲ.

ಈ ಎರಡು ತಾಲ್ಲೂಕುಗಳ ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ‘ಎಲ್ಲಿ’ ಎಂಬ ಪ್ರಶ್ನೆಯ ತೂಕ ತಿಳಿಯುತ್ತದೆ. ಮೈಸೂರು ವಿಮಾನ ನಿಲ್ದಾಣ ಇರುವುದು ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ. ಮುಕ್ತ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದ ತನಕ ಅನುಮತಿ ಬೇಡ. ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ ಆ ಮಿತಿ 200 ಅಡಿಗೆ ಇಳಿಯುತ್ತದೆ, 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹೀಗಾಗಿ ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ನಿಯಮ, ನಂಜನಗೂಡಿನ ಹತ್ತಿರ ಬಂದಂತೆ ಇನ್ನೊಂದು, ಆ 12 ಕಿ.ಮೀ. ವೃತ್ತದಾಚೆಗಿರುವ ಹುಲ್ಲಹಳ್ಳಿಯಲ್ಲಿ ಮತ್ತೊಂದು. ಹುಲ್ಲಹಳ್ಳಿಯಿಂದ ಹೆಡಿಯಾಲದ ಕಡೆ ಹೋದರೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಅಂಚು. ಆನೆ, ಹುಲಿ, ಚಿರತೆ ಹೊಲಕ್ಕಿಳಿಯುವ ಈ ಸೀಮೆಯಲ್ಲಿ ಅರಣ್ಯ ಇಲಾಖೆಯೇ ಶಾಖ ಗುರುತಿಸುವ ಡ್ರೋನ್‌ಗಳಿಂದ ಕಾಡುಪ್ರಾಣಿಯನ್ನು ಹುಡುಕುತ್ತದೆ. ತಿ. ನರಸೀಪುರ ತಾಲ್ಲೂಕಿನಲ್ಲಿ 2022-23ರ ಚಳಿಗಾಲದಲ್ಲಿ ಚಿರತೆ ದಾಳಿಗೆ ಜೀವಗಳು ಹೋದದ್ದನ್ನು, ಅದರ ಬೆನ್ನಿಗೆ ಮೈಸೂರು ಜಿಲ್ಲೆಗೆ ಚಿರತೆ ಕಾರ್ಯಪಡೆ ಬಂದದ್ದನ್ನು ಜನ ಮರೆತಿಲ್ಲ. ಅಂಥ ಕಾರ್ಯಾಚರಣೆಯ ನಡುವೆ ವಿಡಿಯೊ ಆಸೆಗೆ ಹಾರಿದ ಖಾಸಗಿ ಡ್ರೋನ್ ಗಾಬರಿಯಾದ ಪ್ರಾಣಿಯನ್ನು ಜನರ ಕಡೆಗೇ ಅಟ್ಟಬಲ್ಲದು. ಇನ್ನು ಸೋಮನಾಥಪುರದ ಕೇಶವ ದೇವಾಲಯ 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳ ಮೇಲೆ ಡ್ರೋನ್ ಹಾರಿಸಲು ಆ ಇಲಾಖೆಯ ಅನುಮತಿ ಬೇಕು. ಒಂದು ಬೈಕು ಅರ್ಧ ದಿನದಲ್ಲಿ ಸುತ್ತಿ ಬರುವಷ್ಟು ನೆಲದ ಮೇಲೆ ಇಷ್ಟೊಂದು ಬಗೆಯ ಆಕಾಶಗಳಿವೆ. ಡ್ರೋನ್‌ನ ತೂಕ ಎಲ್ಲ ಕಡೆಯೂ ಒಂದೇ.

ಜನ ಸೇರುವ ಜಾಗಗಳ ಮಾತು ಬೇರೆಯೇ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಪಂಚ ಮಹಾರಥಗಳನ್ನು ಎಳೆಯುವಾಗ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದುಬರುತ್ತಿದೆ, 2025ರ ಫೆಬ್ರುವರಿಯಲ್ಲೂ ನಡೆಯಿತು. ಇಂಥ ಸಂದರ್ಭಗಳಿಗಾಗಿಯೇ ನಿಯಮದಲ್ಲಿ ತಾತ್ಕಾಲಿಕ ಕೆಂಪು ವಲಯದ, ಅಂದರೆ ಹಾರಾಟ ನಿಷೇಧದ, ಅವಕಾಶವಿದೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ 96 ಗಂಟೆ ಮೀರದ ಅವಧಿಗೆ ಅದನ್ನು ಘೋಷಿಸಬಹುದು, ಅದು ಡಿಜಿಟಲ್ ನಕ್ಷೆಯಲ್ಲಿ ಕಾಣಬೇಕು. ಅಧಿಕಾರ ಇದೆ, ಸರಿ. ಆದರೆ ನಿಷೇಧವನ್ನು ಮುರಿದ ಡ್ರೋನ್ ಯಾರದೆಂದು ತಿಳಿಯದಿದ್ದರೆ ಆ ಅಧಿಕಾರದಿಂದ ಏನು ಪ್ರಯೋಜನ? ನದಿಯಲ್ಲಿ ಮೀಯುವ ಹೆಂಗಸರ ಮೇಲೆ ಬಂದು ನಿಲ್ಲುವ ಕ್ಯಾಮೆರಾದ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಹೆಣ್ಣಿನ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು, ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಹಕ್ಕೂ ಇದೆ, ಶಿಕ್ಷೆಯೂ ಇದೆ. ಇಲ್ಲದ್ದು ಆಕಾಶದಲ್ಲಿರುವ ಯಂತ್ರಕ್ಕೂ ನೆಲದ ಮೇಲಿರುವ ಮನುಷ್ಯನಿಗೂ ನಡುವಿನ ಕೊಂಡಿ. ದೂರು ಕೊಡಲು ಹೋದ ಹೆಣ್ಣುಮಗಳು ಪೊಲೀಸರಿಗೆ ಏನೆಂದು ಹೇಳಬೇಕು? ‘ಮೇಲೆ ಏನೋ ಹಾರಿತು’ ಎಂದೇ?

ಆ ಕೊಂಡಿಯೇ ನೋಂದಣಿ. ಬೇರೆ ದೇಶಗಳು ಇತ್ತೀಚೆಗೆ ಯಾವ ಕಡೆ ಸಾಗಿವೆ ಎಂಬುದು ಗಮನಾರ್ಹ. ಐರೋಪ್ಯ ಒಕ್ಕೂಟದಲ್ಲಿ 250 ಗ್ರಾಂಗಿಂತ ಹಗುರವಾದರೂ ಕ್ಯಾಮೆರಾ ಇದ್ದು, ಆಟಿಕೆ ಎಂಬ ವರ್ಗಕ್ಕೆ ಸೇರದಿದ್ದರೆ ಹಾರಿಸುವವರು ನೋಂದಾಯಿಸಿಕೊಳ್ಳಬೇಕು. ಜಪಾನ್ 2022ರ ಜೂನ್‌ನಲ್ಲಿ ಗೆರೆಯನ್ನು 100 ಗ್ರಾಂಗೆ ಇಳಿಸಿತು. ಬ್ರಿಟನ್ 2026ರ ಜನವರಿ 1ರಿಂದ 100 ಗ್ರಾಂ ಮೀರಿದ ಡ್ರೋನ್ ಹಾರಿಸುವವರಿಗೆ ಆನ್‌ಲೈನ್ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ; ಅದಕ್ಕೆ ಶುಲ್ಕವಿಲ್ಲ. ಕ್ಯಾಮೆರಾ ಇದ್ದರೆ ಒಡೆಯನ ಸಂಖ್ಯೆಯೂ ಯಂತ್ರದ ಮೇಲಿರಬೇಕು. ಅಮೆರಿಕದಲ್ಲಿ ಹವ್ಯಾಸಿಯೊಬ್ಬ 5 ಡಾಲರ್ ಕಟ್ಟಿದರೆ ಮೂರು ವರ್ಷಕ್ಕೆ ತನ್ನ ಎಲ್ಲ ಡ್ರೋನ್‌ಗಳಿಗೂ ಅದೇ ಸಂಖ್ಯೆ ಬಳಸಬಹುದು. ಇವುಗಳಲ್ಲಿ ಎರಡು ಪಾಠಗಳಿವೆ: ತೂಕದ ಜೊತೆಗೆ ಕ್ಯಾಮೆರಾವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಯಂತ್ರವನ್ನಲ್ಲ, ಮನುಷ್ಯನನ್ನು ನೋಂದಾಯಿಸಬೇಕು. ನಮಗೆ ಇದು ಹೊರಗಿನಿಂದ ಬರಬೇಕಾದ ವಿಚಾರವೂ ಅಲ್ಲ. ಒಂದು ಕಾಲಕ್ಕೆ ನಮ್ಮ ಪಟ್ಟಣಗಳಲ್ಲಿ ಸೈಕಲ್ಲಿಗೆ ಪುರಸಭೆಯ ಬಿಲ್ಲೆ ಇರಬೇಕಿತ್ತು. ಸಣ್ಣ ಮೊತ್ತ, ಸುಲಭವಾಗಿ ಸಿಗುತ್ತಿದ್ದ ಬಿಲ್ಲೆ, ಯಾರ ಸೈಕಲ್ಲೆಂದು ಹೇಳುವ ಒಂದು ಸಂಖ್ಯೆ. ಬಿಲ್ಲೆಯಿತ್ತೆಂದು ಯಾರೂ ಸೈಕಲ್ ಬಿಡಲಿಲ್ಲ. ಹಗುರ ಡ್ರೋನ್‌ಗೆ ಬೇಕಾದದ್ದೂ ಅಷ್ಟೇ.

ಈಗಿನ ವ್ಯವಸ್ಥೆ ಯಾಕೆ ಬಿಲ್ಲೆಯಷ್ಟು ಸರಳವಾಗಿಲ್ಲ? ಮೊದಲನೆಯದು ಭಾಷೆ. ನಿಯಮಗಳು ರಾಜಪತ್ರದಲ್ಲಿ ಬಂದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಕ್ಯಾಮೆರಾ ಹಿಡಿದ ಯುವಕ ಅವನ್ನು ಓದಿ ಅರ್ಥಮಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಎರಡನೆಯದು ಆಮದು. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಸಿದ್ಧ ಡ್ರೋನ್‌ಗಳ ಆಮದನ್ನು ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಅಗತ್ಯಗಳನ್ನು ಬಿಟ್ಟು ನಿಷೇಧಿಸಿತು. ದೇಶೀ ಉದ್ಯಮ ಬೆಳೆಯಲೆಂಬ ಆಶಯ ಅದರ ಹಿಂದಿತ್ತು. ಆದರೆ ಹವ್ಯಾಸಿಯ ಮತ್ತು ಮದುವೆ ಫೋಟೊಗ್ರಾಫರನ ಕೈಗೆಟುಕುವ ಬೆಲೆಯಲ್ಲಿ ಅಷ್ಟೇ ಒಳ್ಳೆಯ ಸ್ವದೇಶಿ ಕ್ಯಾಮೆರಾ ಡ್ರೋನ್ ಇನ್ನೂ ಸುಲಭವಾಗಿ ಸಿಗುವಂತಾಗಿಲ್ಲ. ವಿದೇಶಿ ಯಂತ್ರಗಳು ಬಿಲ್ಲಿಲ್ಲದ ದಾರಿಯಲ್ಲಿ ಬರುತ್ತಲೇ ಇವೆ. ಹಾಗೆ ಕೊಂಡವನು ನೋಂದಣಿಯ ಹತ್ತಿರವೂ ಸುಳಿಯುವುದಿಲ್ಲ. ಮೂರನೆಯದು ಹವ್ಯಾಸಕ್ಕೂ ದುಡಿಮೆಗೂ ನಡುವೆ ಎಳೆದ ಗೆರೆ. 600 ಗ್ರಾಂನ ಡ್ರೋನನ್ನು ತನ್ನ ಖುಷಿಗೆ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಡ. ಅದೇ ಯಂತ್ರವನ್ನು, ಅದೇ ಕಲ್ಯಾಣ ಮಂಟಪದ ಮೇಲೆ, ನಾಲ್ಕು ಸಾವಿರ ರೂಪಾಯಿಗೆ ಹಾರಿಸಿದರೆ ಟೈಪ್ ಪ್ರಮಾಣಪತ್ರವಿರುವ ಮಾದರಿ ಬೇಕು, ಹತ್ತಾರು ಸಾವಿರ ರೂಪಾಯಿಯ ತರಬೇತಿ ಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಕೆಳಗೆ ನಿಂತ ಅತಿಥಿಯ ತಲೆಗೆ ಎರಡೂ ಒಂದೇ. ಹೀಗೆ ನಿಯಮ ಪಾಲಿಸಲು ಮನಸ್ಸಿರುವವನಿಗೂ ದಾರಿ ಕಾಣದಾದಾಗ ಎಲ್ಲರೂ ಮರೆಯಲ್ಲಿ ಹಾರಿಸುತ್ತಾರೆ. ಮರೆಯಲ್ಲಿ ಹಾರುವ ಯಂತ್ರ ಯಾರಿಗೂ ಸುರಕ್ಷಿತವಲ್ಲ.

ನಾನು ಸೂಚಿಸುವ ವ್ಯವಸ್ಥೆ ಹೀಗಿದೆ. ಕ್ಯಾಮೆರಾ ಇರುವ ಅಥವಾ 100 ಗ್ರಾಂ ಮೀರುವ ಡ್ರೋನ್ ಇಟ್ಟುಕೊಂಡ ಪ್ರತಿಯೊಬ್ಬರೂ ಒಂದು ಸಲ ಹೆಸರು ನೋಂದಾಯಿಸಲಿ. ಆ ಒಂದೇ ಸಂಖ್ಯೆಯನ್ನು ಅವರು ತಮ್ಮ ಎಲ್ಲ ಹಗುರ ಡ್ರೋನ್‌ಗಳ ಮೇಲೂ ಅಂಟಿಸಲಿ. ನೋಂದಣಿಗೆ ಮುನ್ನ ಕನ್ನಡದಲ್ಲಿ ಇಪ್ಪತ್ತು ಪ್ರಶ್ನೆಗಳ ಉಚಿತ ಪರೀಕ್ಷೆ ಇರಲಿ: ಎಷ್ಟು ಎತ್ತರ, ವಿಮಾನ ನಿಲ್ದಾಣದಿಂದ ಎಷ್ಟು ದೂರ, ಜನರ ನೆತ್ತಿಯ ಮೇಲೆ ಯಾಕೆ ಬೇಡ, ಯಾರ ಒಪ್ಪಿಗೆಯಿಲ್ಲದೆ ಏನನ್ನು ಚಿತ್ರಿಸಬಾರದು. ಮೊಬೈಲಿನಲ್ಲಿ ಆಗದವರಿಗೆ ಗ್ರಾಮ ಒನ್ ಕೇಂದ್ರದಲ್ಲೋ ನಾಡಕಚೇರಿಯಲ್ಲೋ ಮಾಡಿಸುವ ಅವಕಾಶವಿರಲಿ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿಗೆ ಹೋಬಳಿಯ ಜನ ಹೋಗುವ ಜಾಗ ಅದು. ಗುರುತಿಗೆ ಆಧಾರ್‌ನಂಥ ಯಾವುದಾದರೂ ಸರ್ಕಾರಿ ದಾಖಲೆ ಸಾಕು. ಪೈಲಟ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಬೇಕೆಂಬ ನಿಬಂಧನೆಯನ್ನು 2023ರಲ್ಲಿ, ನೋಂದಣಿಗೆ ಬೇಕೆಂಬುದನ್ನು 2024ರಲ್ಲಿ ಕೇಂದ್ರವೇ ಕೈಬಿಟ್ಟಿರುವುದು ಈ ದಿಕ್ಕಿನ ಒಳ್ಳೆಯ ಹೆಜ್ಜೆ. ಈಗಾಗಲೇ ಜನರ ಕೈಯಲ್ಲಿರುವ ಬಿಲ್ಲಿಲ್ಲದ ಯಂತ್ರಗಳಿಗೆ ಆರು ತಿಂಗಳ ಗಡುವು ಕೊಟ್ಟು, ಮುಂದೆ ಬಂದು ಹೆಸರು ಬರೆಸಿದವರ ಮೇಲೆ ದಂಡ ಹಾಕದಿರಲಿ. ಎರಡು ಕೆ.ಜಿ. ಒಳಗಿನ ಡ್ರೋನ್‌ನಿಂದ ಹೊಟ್ಟೆ ಹೊರೆಯುವ ಮದುವೆ ಫೋಟೊಗ್ರಾಫರಿಗೆ ದೊಡ್ಡ ಪೈಲಟ್ ತರಬೇತಿಯ ಬದಲು ಒಂದು ದಿನದ ಕಿರು ತರಬೇತಿ ಮತ್ತು ಮೂರನೆಯವರಿಗೆ ಪರಿಹಾರ ಕೊಡುವ ವಿಮೆ ಸಾಕೆಂದು ಮಾಡಲಿ. ತಾತ್ಕಾಲಿಕ ನಿಷೇಧ ಯಾವ ಗಂಟೆಯಿಂದ ಯಾವ ಗಂಟೆಯ ತನಕ, ಯಾವ ಬೀದಿಯಿಂದ ಯಾವ ಬೀದಿಗೆ ಎಂಬುದನ್ನು ಪೊಲೀಸರು ಕನ್ನಡದಲ್ಲಿ ಮುಂಚಿತವಾಗಿ ಸಾರಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ, ‘ಆಟಿಕೆಗೂ ಲೈಸೆನ್ಸ್ ರಾಜ್ಯವೇ?’ ಎಂಬುದು. ನ್ಯಾಯವಾದ ಅಂಜಿಕೆ ಇದು. ವಿಜ್ಞಾನದ ಆಸಕ್ತಿಯಿಂದ ಡ್ರೋನ್ ಬಿಚ್ಚಿ ಜೋಡಿಸುವ ಸರ್ಕಾರಿ ಶಾಲೆಯ ಹುಡುಗಿಯನ್ನು ಕಾಗದಪತ್ರ ಹೆದರಿಸಬಾರದು. ಆದ್ದರಿಂದಲೇ ಕ್ಯಾಮೆರಾ ಇಲ್ಲದ ಪುಟ್ಟ ಆಟಿಕೆಗೆ ಯಾವ ನಿಯಮವೂ ಬೇಡ, ಶಾಲೆಯ ಆವರಣದೊಳಗಿನ ಪ್ರಯೋಗಕ್ಕೂ ಬೇಡ ಎನ್ನುತ್ತೇನೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ‘ಕೇಡು ಮಾಡುವವನು ನೋಂದಣಿ ಮಾಡಿಸುತ್ತಾನೆಯೇ?’ ಮಾಡಿಸುವುದಿಲ್ಲ. ಆದರೆ ಊರಿನಲ್ಲಿ ಆಗುವ ತೊಂದರೆಯಲ್ಲಿ ಬಹುಪಾಲು ಕೇಡಿಗರಿಂದ ಆಗುವುದಲ್ಲ. ತಿಳಿಯದವರಿಂದ, ‘ಏನಾಗುತ್ತೆ ಬಿಡು’ ಎನ್ನುವವರಿಂದ ಆಗುವುದು. ತನ್ನ ಹೆಸರು ಯಂತ್ರದ ಮೇಲಿದೆ ಎಂದು ಗೊತ್ತಿರುವವನು ಸ್ನಾನಘಟ್ಟದ ಕಡೆ ಅದನ್ನು ತಿರುಗಿಸುವ ಮೊದಲು ಯೋಚಿಸುತ್ತಾನೆ. ಪರೀಕ್ಷೆ ಬರೆದವನಿಗೆ ಮಂಡಕಳ್ಳಿಯ ವೃತ್ತ ನೆನಪಿರುತ್ತದೆ. ಇನ್ನು ನಿಜವಾದ ಕೇಡಿಗನ ವಿಷಯ: ನೂರು ಜನರಲ್ಲಿ ತೊಂಬತ್ತು ಜನ ಸಂಖ್ಯೆ ಅಂಟಿಸಿದ್ದರೆ ಸಂಖ್ಯೆಯಿಲ್ಲದ ಡ್ರೋನ್ ಕೈಗೆ ಸಿಕ್ಕ ತಕ್ಷಣವೇ ಅನುಮಾನಕ್ಕೆ ಕಾರಣವಾಗುತ್ತದೆ. ಯಾರ ಡ್ರೋನ್‌ಗೂ ಸಂಖ್ಯೆಯಿಲ್ಲದ ಊರಿನಲ್ಲಿ ಪೊಲೀಸರಿಗೆ ಸಜ್ಜನನೂ ಕೇಡಿಗನೂ ಒಂದೇ ಥರ ಕಾಣುತ್ತಾರೆ.

ಮೂರನೆಯ ಆಕ್ಷೇಪ ಭದ್ರತೆಯದು. 2021ರ ಜೂನ್‌ನಲ್ಲಿ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿತ್ತು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಡ್ರೋನ್‌ಗಳ ದೊಡ್ಡ ದಾಳಿಯನ್ನೇ ದೇಶ ಕಂಡಿತು. ಹೀಗಿರುವಾಗ ಖಾಸಗಿ ಹಾರಾಟವನ್ನೇ ನಿಲ್ಲಿಸಬಾರದೇಕೆ ಎಂದು ಕೇಳುವವರಿದ್ದಾರೆ. ಅವರ ಕಾಳಜಿಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಪ್ರಯೋಗವನ್ನು ನಾವು ಒಮ್ಮೆ ಮಾಡಿ ನೋಡಿದ್ದೇವೆ. 2014ರಿಂದ 2018ರ ತನಕ ನಿಷೇಧವಿದ್ದಾಗಲೂ ಮದುವೆಗಳ ಮೇಲೆ ಡ್ರೋನ್ ಹಾರಿತು. ಯಾರ ಬಳಿ ಏನಿದೆ ಎಂಬ ಲೆಕ್ಕ ಮಾತ್ರ ಸರ್ಕಾರದ ಹತ್ತಿರ ಇರಲಿಲ್ಲ. ಗಡಿಯಾಚೆಯಿಂದ ಬರುವ ಡ್ರೋನನ್ನು ತಡೆಯುವುದು ರಾಡಾರ್ ಮತ್ತು ಸೇನೆಯ ಕೆಲಸ. ಹುಲ್ಲಹಳ್ಳಿಯ ಸ್ಟುಡಿಯೊದಲ್ಲಿರುವ ಕ್ಯಾಮೆರಾವನ್ನು ಬೀಗ ಹಾಕಿಟ್ಟರೆ ಅದು ನಿಲ್ಲುವುದಿಲ್ಲ. ಕಳೆದುಕೊಳ್ಳುವುದೂ ಕಡಿಮೆಯಲ್ಲ. ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ಎಲ್ಲಿ ಯಾರು ಸಿಕ್ಕಿಕೊಂಡಿದ್ದಾರೆಂದು ನೋಡಲು, ಮುಳುಗಿದ ಗದ್ದೆಯ ನಷ್ಟವನ್ನು ದಾಖಲಿಸಲು ಊರಿನಲ್ಲೇ ಇರುವ ಡ್ರೋನ್‌ಗಿಂತ ಬೇಗ ಒದಗುವ ಕಣ್ಣು ಇಲ್ಲ. ನೋಂದಣಿ ಇದ್ದರೆ ತಹಶೀಲ್ದಾರರಿಗೆ ಅಂಥ ಸಮಯದಲ್ಲಿ ಯಾರನ್ನು ಕರೆಯಬೇಕೆಂಬ ಪಟ್ಟಿಯೂ ಸಿಕ್ಕಂತಾಗುತ್ತದೆ.

ಕೊನೆಯ ಆಕ್ಷೇಪ ಅಧಿಕಾರವ್ಯಾಪ್ತಿಯದು. ವಿಮಾನಯಾನ ಕೇಂದ್ರದ ಪಟ್ಟಿಯಲ್ಲಿದೆ, ರಾಜ್ಯ ಏನು ಮಾಡೀತು ಎನ್ನುತ್ತಾರೆ. ತೂಕದ ಗೆರೆಯನ್ನು ಬದಲಿಸುವುದು ಕೇಂದ್ರದ ಕೈಯಲ್ಲಿದೆ, ನಿಜ. 2025ರ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಸಚಿವಾಲಯ ಡ್ರೋನ್‌ಗಳಿಗಾಗಿಯೇ ಪ್ರತ್ಯೇಕ ಮಸೂದೆಯ ಕರಡನ್ನು ಪ್ರಕಟಿಸಿ ತಿಂಗಳ ಕೊನೆಯೊಳಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅದರಲ್ಲಿ ಕೆಲವು ಉಲ್ಲಂಘನೆಗಳಿಗೆ ಜೈಲು ಶಿಕ್ಷೆಯ ಪ್ರಸ್ತಾವವೂ ಇದೆ. ಪಾಲಿಸುವ ದಾರಿಯನ್ನು ಸುಗಮ ಮಾಡದೆ ಶಿಕ್ಷೆಯನ್ನು ಮಾತ್ರ ಹೆಚ್ಚಿಸಿದರೆ ಅದರ ಪೆಟ್ಟು ಬೀಳುವುದು ದೊಡ್ಡ ಕಂಪನಿಗಳಿಗಲ್ಲ, ಸಾಲ ಮಾಡಿ ಕ್ಯಾಮೆರಾ ಕೊಂಡ ಹಳ್ಳಿಯ ಹುಡುಗನಿಗೆ. ಕರ್ನಾಟಕ ಈ ಮಾತನ್ನು ದೆಹಲಿಗೆ ಗಟ್ಟಿಯಾಗಿ ಹೇಳಬೇಕು. ಅದರ ಜೊತೆಗೆ ತನ್ನ ಕೈಯಲ್ಲಿರುವುದನ್ನು ಇವತ್ತೇ ಮಾಡಬಹುದು. ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚುಮಾಡಿಸಲು, ಗ್ರಾಮ ಒನ್ ಸಿಬ್ಬಂದಿಗೆ ಕೇಂದ್ರದ ನೋಂದಣಿ ಅರ್ಜಿ ತುಂಬಿಸುವುದನ್ನು ಕಲಿಸಲು, ಪ್ರತಿ ಠಾಣೆಯ ಪೊಲೀಸರಿಗೆ ಮುಕ್ತ ಹಸಿರು, ಅನುಮತಿ ಬೇಕಾದ ಹಳದಿ, ನಿಷೇಧದ ಕೆಂಪು ವಲಯಗಳ ವ್ಯತ್ಯಾಸ ತಿಳಿಸಲು, ಜಾತ್ರೆಯ ನಿಷೇಧವನ್ನು ಹೊತ್ತುಗೊತ್ತು ಹೇಳಿ ಸಾರಲು ಸಂಸತ್ತಿನ ಅಪ್ಪಣೆ ಬೇಕಿಲ್ಲ. 2024ರ ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ ಸಾವಿರಕ್ಕೂ ಹೆಚ್ಚು ಡ್ರೋನ್‌ಗಳನ್ನು ಒಂದೇ ಲಯದಲ್ಲಿ ಹಾರಿಸಿ ತೋರಿಸಿದ ಜಿಲ್ಲೆಗೆ ಇಷ್ಟು ವ್ಯವಸ್ಥೆ ಕಷ್ಟವಾಗಲಾರದು.

ಮೈಸೂರು ಜಿಲ್ಲಾಡಳಿತ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳನ್ನೇ ಇದಕ್ಕೆ ಮೊದಲ ಪ್ರಯೋಗಭೂಮಿಯಾಗಿ ಆರಿಸಿಕೊಳ್ಳಲಿ. ವಿಮಾನ ನಿಲ್ದಾಣದ ಸೆರಗು, ಹುಲಿಯ ಕಾಡು, ತೇರಿನ ಬೀದಿ, ಸಂಗಮದ ಘಟ್ಟ, ಪರಂಪರೆಯ ದೇಗುಲ ಎಲ್ಲವೂ ಇರುವ ಇಲ್ಲಿ ನಿಯಮ ನಿಂತರೆ ಎಲ್ಲಿಯಾದರೂ ನಿಲ್ಲುತ್ತದೆ. ಮುಂದಿನ ದೊಡ್ಡ ಜಾತ್ರೆಗೆ ಮುಂಚೆ ಹುಲ್ಲಹಳ್ಳಿಯ ನಾಡಕಚೇರಿಯಲ್ಲಿ ಒಂದು ವಾರದ ಶಿಬಿರ ನಡೆಸಿ, ಡ್ರೋನ್ ಇರುವವರನ್ನು ಹೆದರಿಸದೆ ಕರೆದು, ಹೆಸರು ಬರೆಸಿಕೊಂಡು, ಎಲ್ಲಿ ಹಾರಿಸಬಹುದು ಎಂಬ ನಕ್ಷೆಯನ್ನು ಅವರ ಕೈಗೆ ಕೊಡಲಿ. ಹಾರಿಸುವ ಸಂತೋಷ ಅವರಿಗೆ ಉಳಿಯಲಿ. ಅದರಿಂದ ನೋವಾದರೆ ಯಾರನ್ನು ಕೇಳಬೇಕೆಂಬುದು ಕೆಳಗೆ ನಿಂತವರಿಗೆ ತಿಳಿದಿರಲಿ. ಈ ಎರಡನ್ನೂ ಒಟ್ಟಿಗೆ ಕೊಡದ ಕಾನೂನು ಕಟ್ಟುನಿಟ್ಟಾಗಿದ್ದರೂ ಅಷ್ಟೇ, ಉದಾರವಾಗಿದ್ದರೂ ಅಷ್ಟೇ, ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆಯೇ.